ಮುಚ್ಚಳವಿಲ್ಲದ ಮನೆ

ನಮ್ಮ ಭಾವ ಹುಟ್ಟಿದಂದಿನಿಂದ ಒಂದೇ ಒಂದು ಯಂತ್ರವನ್ನೂ ಹಾಳು ಮಾಡಿದವರಲ್ಲ. ಬೇಕಾದರೆ ಅವರನ್ನೇ ಕೇಳಿ! ಅವರು ಮುಟ್ಟುವ ಮೊದಲು ಚೆನ್ನಾಗಿ ಓಡುತ್ತಿದ್ದು, ಮುಟ್ಟಿದ ಮೇಲೆ ನಿಂತುಹೋದ ವಸ್ತುಗಳೆಲ್ಲ “ಒಳಗಿಂದ ಯಾವಾಗಲೋ ಹೋಗಿದ್ವು, ಹೊರಗೆ ಗೊತ್ತಾಗ್ತಿರಲಿಲ್ಲ ಅಷ್ಟೆ.” ವೈದ್ಯರು ಹೀಗೆ ಹೇಳಿದರೆ ಜನ ಸುಮ್ಮನಿರುತ್ತಾರೆಯೇ?

ಹೊನ್ನಾವರದಲ್ಲಿರುವ ಅವರ ಮನೆಯಲ್ಲಿ ಮುಚ್ಚಳ ಮುಚ್ಚಿಕೊಂಡಿದ್ದ ವಸ್ತುವೆಂದರೆ ಉಪ್ಪಿನಕಾಯಿ ಭರಣಿ ಒಂದೇ. ರೇಡಿಯೋಕ್ಕೆ ಬೆನ್ನಿಲ್ಲ. ಮಿಕ್ಸರಿಗೆ ಬುಡವಿಲ್ಲ. ಟೀವಿಯ ಹಿಂಭಾಗ ಟೀವಿಯ ಪಕ್ಕದಲ್ಲಿ ಗೋಡೆಗೆ ಒರಗಿ ತಾನೂ ಕಾರ್ಯಕ್ರಮ ನೋಡುತ್ತಿತ್ತು. ಮನೆಗಿದ್ದದ್ದು ಒಂದು ಜಗಲಿ, ಒಂದು ಅಡಿಗೆಮನೆ, ಎರಡು ಕೋಣೆ. ಆ ಎರಡರಲ್ಲಿ ಗಾಳಿ ಬೆಳಕು ಚೆನ್ನಾಗಿ ಬರುವ ಕೋಣೆ ಪೂರ್ತಿ ಭಾವನ ಸಾಮಾನಿಗೆ ಮೀಸಲು. ಆ ಕೋಣೆ ಖಾಲಿಯಾದರೆ ನನ್ನ ಅಕ್ಕ ಬಾಣಂತನ ಮುಗಿಸಿ ಗಂಡನ ಮನೆಗೆ ಮರಳುತ್ತಾಳೆ, ಆಗದಿದ್ದರೆ ಮಗುವಿನ ಸಮೇತ ಕುಮಟೆಯಲ್ಲಿ ನಮ್ಮ ಮನೆಯಲ್ಲೇ ಉಳಿಯುತ್ತಾಳೆ ಎಂಬಲ್ಲಿಗೆ ೨೦೦೩ರಲ್ಲಿ ಸಂಗತಿ ಬಂದು ನಿಂತಿತು. ಹೇಗೆ ಬಂತು ಎಂಬುದನ್ನು ಕ್ರಮವಾಗಿಯೇ ಹೇಳುತ್ತೇನೆ. ನಾನು ದಿನಚರಿ ಬರೆಯುವವನು; ಇಸವಿ ಹಿಂದುಮುಂದಾದರೆ ನನಗೆ ಊಟ ಸೇರುವುದಿಲ್ಲ.

ಮೊದಲ ಸೂಚನೆ ಮದುವೆಯ ದಿನವೇ ಸಿಕ್ಕಿತ್ತು. ೧೯೯೮, ಮೇ ತಿಂಗಳು. ನಾನು ಆಗ ಒಂಬತ್ತನೇ ಇಯತ್ತೆ. ಭಟ್ಟರು ಮಂಗಳಾಷ್ಟಕ ಶುರುಮಾಡಿದ್ದರು. ವಧೂವರರ ನಡುವೆ ಅಂತರಪಟ ಹಿಡಿದಾಗಿತ್ತು. ಮೈಕ್‌ಸೆಟ್ಟು ಮಾತ್ರ ಮಂತ್ರಕ್ಕಿಂತ ಜೋರಾಗಿ ‘ಗುಂಯ್’ ಎನ್ನುತ್ತಿತ್ತು. ಮೈಕ್‌ಸೆಟ್ಟಿನವನು ಅದರ ತಲೆಗೊಂದು ಬಡಿದ. ಅದು ‘ಕುಂಯ್’ ಎಂದಿತು. ಮುಹೂರ್ತ ಬಂತು, ವಾದ್ಯದವರು ಊದಿದರು, ಅಂತರಪಟ ಸರಿಸಿದರು. ನೋಡಿದರೆ ಆ ಕಡೆ ವರನೇ ಇಲ್ಲ!

ಮಂಟಪದ ಹಿಂದೆ, ಹಣೆಗೆ ಬಾಸಿಂಗ ಕಟ್ಟಿಕೊಂಡ ಒಬ್ಬ ಗಂಡಸು ಆಂಪ್ಲಿಫಯರಿನ ಹೊಟ್ಟೆಯೊಳಗೆ ಕೈಯಿಟ್ಟುಕೊಂಡು ಕೂತಿದ್ದ.

“ಅರ್ತಿಂಗ್ ಸರಿ ಇಲ್ಲ ಭಟ್ರೆ, ಎರಡೇ ನಿಮಿಷ.”

“ಎರಡು ನಿಮಿಷ ಹೋದ್ರೆ ಮುಹೂರ್ತವೂ ಇಲ್ಲ, ಹೆಂಡತಿಯೂ ಇಲ್ಲ. ಏಳು ಮಾರಾಯಾ!”

ಭಾವ ಎದ್ದು ಬಂದರು. ‘ಗುಂಯ್’ ನಿಂತಿತ್ತು. ಮಂತ್ರವೂ ನಿಂತಿತ್ತು, ಏಕೆಂದರೆ ಮೈಕೇ ನಿಂತಿತ್ತು. ಅಂದು ಅಕ್ಕ ಕೈಯಲ್ಲಿದ್ದ ಹೂಮಾಲೆ ಅಲ್ಲಾಡುವಷ್ಟು ನಕ್ಕಿದ್ದಳು. ಕೆಲಸ ಬಲ್ಲ ಅಳಿಯ ಸಿಕ್ಕ ಎಂದು ನಮ್ಮ ಅಮ್ಮನೂ ನಾಲ್ಕು ಜನಕ್ಕೆ ಹೇಳಿಕೊಂಡಳು. ಪಾಪ, ಅಮ್ಮನ ಮಿಕ್ಸರು ಆಗಿನ್ನೂ ಸುರಕ್ಷಿತವಾಗಿತ್ತು.

ಭಾವ ಸರ್ಕಾರಿ ಬಸ್ಸಿನ ಕಂಡಕ್ಟರು. ಕುಮಟೆಯಿಂದ ಭಟ್ಕಳ, ಭಟ್ಕಳದಿಂದ ಕುಮಟೆ. ಈ ಪಾಳಿಗಾಗಿ ಅವರು ಡಿಪೋದಲ್ಲಿ ಎಷ್ಟು ಜನರ ಕೈಕಾಲು ಹಿಡಿದಿದ್ದರೆಂದು ಆಮೇಲೆ ತಿಳಿಯಿತು. ಕಾರಣ ಸರಳ: ಭಟ್ಕಳದಲ್ಲಿ ಫಾರಿನ್ ಸಾಮಾನಿನ ಅಂಗಡಿಗಳಿದ್ದವು. ದುಬೈಗೋ ಮಸ್ಕತ್ತಿಗೋ ಹೋದವರು ರಜೆಗೆ ಬರುವಾಗ ತರುತ್ತಿದ್ದ ಪೆಟ್ಟಿಗೆಗಳಲ್ಲಿ ಅರ್ಧ ಆ ಅಂಗಡಿಗಳಿಗೆ ಬಂದು ಸೇರುತ್ತಿದ್ದವು. ವಾಕ್‌ಮನ್, ಕಾರ್ಡ್‌ಲೆಸ್ ಫೋನು, ಸೀಡಿ ಪ್ಲೇಯರು, ಚಪ್ಪಾಳೆ ತಟ್ಟಿದರೆ ಕೂಗುವ ಕೀಲಿಕೈ ಗೊಂಚಲು! ಬಸ್ಸು ಅಲ್ಲಿ ನಿಲ್ಲುವಷ್ಟು ಹೊತ್ತು ಉಳಿದ ಕಂಡಕ್ಟರುಗಳು ಚಾ ಕುಡಿಯುತ್ತಿದ್ದರು. ನಮ್ಮ ಭಾವ ಅಂಗಡಿಯ ಕಟ್ಟೆ ಹತ್ತುತ್ತಿದ್ದರು. ಅಂಗಡಿಯ ಭಾಯಿಗೆ ಇವರನ್ನು ಕಂಡರೆ ಪ್ರೀತಿ, ಅದಕ್ಕಿಂತ ಹೆಚ್ಚು ಹೆದರಿಕೆ.

“ಕಂಡಕ್ಟರ್ ಸಾಬ್, ನೋಡಿ, ಹಿಡೀರಿ, ಬೇಕಾದ್ರೆ ಮೂಸಿ. ಬಿಚ್ಚೂದು ಮಾತ್ರ ಬ್ಯಾಡ!”

“ಒಳಗೆ ಎಂತ ಅದೆ ಅಂತ ನೋಡ್ದೆ ತಗೊಳ್ಳೂದು ಹ್ಯಾಂಗೆ ಭಾಯಿ?”

“ಕಲ್ಲಂಗಡಿಯಾ ಇದು, ತುಂಡು ಮಾಡಿ ತೋರ್ಸೂಕೆ?”

ಒಂದು ದಿನ ಈ ಮಾತುಕತೆ ಸ್ವಲ್ಪ ಉದ್ದವಾಯಿತು. ಬಸ್ಸಿನಲ್ಲಿ ಕೂತು ಬೆವರುತ್ತಿದ್ದ ಪ್ರಯಾಣಿಕನೊಬ್ಬ ತಾಳ್ಮೆಗೆಟ್ಟು ಹಿಂದಿನಿಂದ “ರೈಟ್!” ಎಂದು ಕೂಗಿದ. ಡ್ರೈವರು ಬಸ್ಸು ಬಿಟ್ಟರು. ಶಿರಾಲಿಯಲ್ಲಿ ಇಳಿಯುವವರು ಇಳಿಯಲು ಎದ್ದಾಗಲೇ ಹಿಂದೆ ಸೀಟಿ ಊದುವವರಿಲ್ಲವೆಂದು ಅವರಿಗೆ ತಿಳಿದದ್ದು. ಭಾವ ಟೆಂಪೋದಲ್ಲಿ ಬೆನ್ನಟ್ಟಿ ಬಂದರು. ಒಂದು ಕೈಯಲ್ಲಿ ಟಿಕೆಟ್ ಚೀಲ, ಇನ್ನೊಂದರಲ್ಲಿ ಏರಿಯಲ್ ಎಳೆದ ಕಾರ್ಡ್‌ಲೆಸ್ ಫೋನು. ಡ್ರೈವರು ಅವರನ್ನು ಮೇಲಿಂದ ಕೆಳಗೆ ನೋಡಿ, “ಬರೂದು ತಡ ಆಗ್ತದೆ ಅಂತ ಅದರಲ್ಲೇ ಒಂದು ಮಾತು ಹೇಳೂಕಾಗಿತ್ತು” ಎಂದರಂತೆ.

ನನಗೂ ಒಂದು ಬಹುಮಾನ ಬಂತು. ೧೯೯೯ರಲ್ಲಿ ಡಿಜಿಟಲ್ ಡೈರಿ. “ಕಾಗದ, ಪೆನ್ನು ಎಲ್ಲ ಹೋತು ಇನ್ನು. ಸಾವಿರ ವರ್ಷದ ತಾರೀಕು ಅದೆ ಇದರಲ್ಲಿ!” ನಾನು ನಂಬಿದೆ. ಮಾವಿನಹಣ್ಣಿನ ಕಾಲದ ನನ್ನ ದಿನಚರಿಯೆಲ್ಲ, ಯಾವ ಮರದ್ದು ಎಷ್ಟು ತಿಂದೆ ಎಂಬ ಲೆಕ್ಕದ ಸಮೇತ, ಅದರೊಳಗೆ ಹೋಯಿತು. ಭಾವ ಬಂದರು, ಅದರ ಸೆಲ್ಲು ಎಷ್ಟು ದಿನ ಬರುತ್ತದೆಂದು ನೋಡಲು ಸೆಲ್ಲು ತೆಗೆದರು. ಸಾವಿರ ವರ್ಷದ ತಾರೀಕು ಉಳಿಯಿತು. ನನ್ನ ಮಾವಿನಹಣ್ಣು ಹೋಯಿತು. ಅಂದಿನಿಂದ ನಾನು ಕಾಗದ ಬಿಟ್ಟಿಲ್ಲ.

ಇವೆಲ್ಲ ಸಣ್ಣಪುಟ್ಟ ಚಟಗಳು. ದೊಡ್ಡದು ಬಂದದ್ದು ೨೦೦೦ದಲ್ಲಿ: ಕಂಪ್ಯೂಟರು! ಅದನ್ನು ಎಲ್ಲರಂತೆ ಒಂದೇ ಸಲ ತಂದರೆ ಅವರು ನಮ್ಮ ಭಾವ ಹೇಗಾದಾರು? ಬಿಡಿಬಿಡಿಯಾಗಿ ತಂದು ತಾವೇ ಜೋಡಿಸಬೇಕು. ರಜೆಯ ದಿನ ಹುಬ್ಬಳ್ಳಿಗೆ ಹೋಗುವುದು, ಒಂದು ಅಂಗ ತರುವುದು. ಮೊದಲು ಬಂದದ್ದು ಮಾನಿಟರು. ಲಗೇಜಿನ ಟಿಕೆಟು ತೆಗೆದರೆ ಅದು ಬಸ್ಸಿನ ತಲೆಯ ಮೇಲೆ ಕೂರಬೇಕಾಗುತ್ತದೆ. ಕಾನೂನು ಬಲ್ಲ ಭಾವ ಅದಕ್ಕೆ ಮನುಷ್ಯರ ಟಿಕೆಟ್ಟನ್ನೇ ತೆಗೆದು, ಕಿಟಕಿ ಪಕ್ಕ ಕೂರಿಸಿ, ತಮ್ಮ ಶಾಲು ಹೊದೆಸಿದರು. ಅರಬೈಲ್ ಘಟ್ಟದ ತಿರುವುಗಳಲ್ಲಿ ಅದನ್ನು ತಬ್ಬಿ ಹಿಡಿದುಕೊಂಡರು. ಅಂಕೋಲೆಯಲ್ಲಿ ಬಸ್ಸು ತುಂಬಿತು. ಮಿರ್ಜಾನಕ್ಕೆ ಹೋಗುವ ಮುದುಕಿಯೊಬ್ಬಳು ಕಂಬ ಹಿಡಿದು ನಿಂತು ಇದನ್ನು ನೋಡುತ್ತಿದ್ದಳು. ಜೊತೆಗೆ ಹೋಗಿದ್ದ ನಾನು ನನ್ನ ಸೀಟು ಕೊಟ್ಟೆ. ಅವಳಿಗೆ ಸೀಟಿಗಿಂತ ಉತ್ತರ ಬೇಕಾಗಿತ್ತು.

“ಟೀವಿಯನಾ?”

“ಅಲ್ಲ ಆಯಿ, ಮಾನಿಟರು. ಕಂಪ್ಯೂಟರಿಂದು.”

“ಎಂತ ಕಾಣ್ತದೆ ಇದರಲ್ಲಿ?”

“ಈಗ ಎಂತದೂ ಕಾಣೂದಿಲ್ಲ. ಉಳಿದ ಪೆಟ್ಟಿಗೆ ಬರೂದು ಮುಂದಿನ ತಿಂಗ್ಳು.”

“ಕಣ್ಣೇ ಇಲ್ಲದ್ದಕ್ಕೆ ಕಿಟಕಿ ಸೀಟು ಕೊಟ್ಟೀಯಲ್ಲೋ ಮಗನೇ!”

ಬಸ್ಸಿಗೆ ಬಸ್ಸೇ ನಕ್ಕಿತು. ಭಾವನೂ ನಕ್ಕರು. ಶಾಲು ಮಾತ್ರ ಇನ್ನಷ್ಟು ಸರಿಮಾಡಿ ಹೊದೆಸಿದರು.

ಕಂಪ್ಯೂಟರು ಪೂರ್ತಿಯಾಗಲು ವರ್ಷ ಹಿಡಿಯಿತು. ಪೂರ್ತಿಯಾಯಿತು ಎನ್ನುವುದೂ ತಪ್ಪೇ. ಒಂದು ರ‍್ಯಾಮ್ ಹಾಕಿದರೆ ಇನ್ನೊಂದು ಬೇಕು, ಫ್ಯಾನು ಹಾಕಿದರೆ ಅದಕ್ಕಿಂತ ದೊಡ್ಡ ಫ್ಯಾನು ಬೇಕು. ಹಳೆಯದನ್ನು ಎಸೆಯುವಂತಿಲ್ಲ, “ಎಂತಕ್ಕಾದ್ರೂ ಬೇಕಾಗ್ತದೆ.” ಕೋಣೆ ತುಂಬಿದ್ದು ಹೀಗೆ. ಡ್ಯೂಟಿಯಿಂದ ಬಂದವರೇ ಖಾಕಿ ಅಂಗಿಯಲ್ಲೇ ಒಳಗೆ ಹೋಗುತ್ತಿದ್ದರು. ಕೂರುವುದಿಲ್ಲ, ನಿಲ್ಲುವುದಿಲ್ಲ, ಮಂಡಿಯೂರುತ್ತಾರೆ, ಏಳುತ್ತಾರೆ, ಟಾರ್ಚು ಹುಡುಕುತ್ತಾರೆ, ಬಾಯಲ್ಲೇ ಕಚ್ಚಿಕೊಂಡಿರುತ್ತಾರೆ. ಅವರನ್ನು ನೋಡುತ್ತ ಕೂತರೆ ನಮಗೇ ಕಾಲು ತುರಿಸತೊಡಗುತ್ತಿತ್ತು.

“ಇದರಿಂದ ಎಂತ ಉಪಯೋಗ ಹೇಳಿ ನಂಗೊಂದು ಸಲ” ಎಂದು ಅಕ್ಕ ಕೇಳಿದಳು.

“ಉಪಯೋಗ ಆಮೇಲೆ. ಮೊದ್ಲು ಅದು ಬಿಸಿ ಆಗೂದು ನಿಲ್ಬೇಕು.”

ಬಿಸಿಯಾಗುವುದು ನಿಂತಿತು. ೨೦೦೧ರ ಮಳೆಗಾಲ ಬಂದು ಅದು ಪೂರ್ತಿ ತಣ್ಣಗಾಯಿತು. ನಮ್ಮ ಕಡೆ ಆಷಾಢದಲ್ಲಿ ಬೆಂಕಿಕಡ್ಡಿಯೇ ಹೊತ್ತುವುದಿಲ್ಲ, ಉಪ್ಪು ನೀರಾಗುತ್ತದೆ, ಇನ್ನು ಕಂಪ್ಯೂಟರು! ಭಾವ ರೋಗ ಪತ್ತೆ ಹಿಡಿದರು: ಮದರ್‌ಬೋರ್ಡಿಗೆ ಥಂಡಿ. ಮದರ್‌ಬೋರ್ಡೆಂದರೆ ಕಂಪ್ಯೂಟರಿನ ಹೊಟ್ಟೆಯೊಳಗಿನ ಮುಖ್ಯ ಹಲಗೆ. ಉಳಿದ ಎಲ್ಲ ಬಿಡಿಭಾಗಗಳೂ ಬಂದು ಕೂರುವುದು ಅದರ ಮೇಲೇ. ಮದ್ದು? ಮದ್ದು ಮನೆಯಲ್ಲೇ ಇತ್ತು. ಭಾವನ ತಾಯಿ, ನಾವೆಲ್ಲ ಆಯಿ ಎಂದು ಕರೆಯುವವರು, ಒಣಮೀನಿನ ವ್ಯಾಪಾರ ಮಾಡುತ್ತಿದ್ದರು. ಮಳೆಗಾಲದಲ್ಲಿ ಮೀನು ಮೆತ್ತಗಾಗದಂತೆ ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆಯ ಬಿಸಿಯಲ್ಲಿ ಇಡುತ್ತಿದ್ದರು. ಎಂಥ ಥಂಡಿಯಲ್ಲೂ ಅಲ್ಲಿನ ಬಂಗಡೆ ಗರಿಗರಿ. ಬಂಗಡೆಗೆ ಆಗುವುದು ಬೋರ್ಡಿಗೆ ಏಕಾಗಬಾರದು? ಭಾವ ಬೋರ್ಡನ್ನು ಬಿಚ್ಚಿ ಮೊರದಲ್ಲಿಟ್ಟು ಅಟ್ಟಕ್ಕೇರಿಸಿದರು. ಒಂದು ಪಕ್ಕ ಬಂಗಡೆ, ಇನ್ನೊಂದು ಪಕ್ಕ ಒಣ ಶೆಟ್ಲಿ, ಅಂದರೆ ಸೀಗಡಿ.

ಮೀನು ಕೊಳ್ಳಲು ಬಂದ ನೆರೆಮನೆಯಾಕೆ, ಆಯಿ ಕೆಳಗಿಳಿಸಿದ ಮೊರ ನೋಡಿ ಹೌಹಾರಿದಳು. “ಇದ್ಯಾವ ಮೀನೇ? ಬರೀ ಮುಳ್ಳೇ ಅದೆ!”

“ಅದು ನನ್ನ ಮಗ ಹಿಡ್ಕಂಡು ಬಂದದ್ದು,” ಎಂದರು ಆಯಿ, ತಕ್ಕಡಿಯಿಂದ ಕಣ್ಣೆತ್ತದೆ. “ಹುಬ್ಬಳ್ಳಿ ಸಮುದ್ರದ್ದು.”

ನಂಬುತ್ತೀರೋ ಇಲ್ಲವೋ, ಆ ಬೋರ್ಡು ಬದುಕಿತು! ಭಾವ ಗುಂಡಿ ಒತ್ತಿದರು, ಪರದೆ ಬೆಳಗಿತು, ಫ್ಯಾನು ತಿರುಗಿತು. ಫ್ಯಾನು ತಿರುಗಿದ್ದೇ ತಡ, ಒಂದು ವಾರ ಕುಡಿದ ಹೊಗೆಯನ್ನೂ ಶೆಟ್ಲಿಯ ವಾಸನೆಯನ್ನೂ ಕಂಪ್ಯೂಟರು ಇಡೀ ಮನೆಗೆ ಬೀಸತೊಡಗಿತು. ಬಿಸಿಯಾದಷ್ಟೂ ಪರಿಮಳ ಹೆಚ್ಚು. ಮರುದಿನದಿಂದ ಕೇರಿಯ ಬೆಕ್ಕುಗಳಿಗೆಲ್ಲ ಕಂಪ್ಯೂಟರ್ ಶಿಕ್ಷಣ ಆರಂಭವಾಯಿತು. ಪರದೆಯ ಮುಂದೆ ಸಾಲಾಗಿ ಕೂತು ಪೆಟ್ಟಿಗೆಯನ್ನೇ ನೋಡುತ್ತಿದ್ದವು. ಭಾವನಿಗೆ ಬಹಳ ಸಂತೋಷ. ಅಷ್ಟು ಆಸಕ್ತಿ ಮನೆಯವರು ಯಾರೂ ತೋರಿಸಿರಲಿಲ್ಲ.

ಇಲ್ಲಿಯವರೆಗೆ ಅಕ್ಕ ನಗುತ್ತಲೇ ಇದ್ದಳು. ನಗು ನಿಂತದ್ದು ೨೦೦೩ರ ಜನವರಿಯಲ್ಲಿ.

ಮದುವೆಯಾಗಿ ನಾಲ್ಕು ವರ್ಷ ದಾಟಿತ್ತು. ಕೇಳುವವರೆಲ್ಲ ಕೇಳಿ, ಹರಕೆ ಹೇಳುವವರೆಲ್ಲ ಹೇಳಿ ಮುಗಿಸಿದ್ದರು. ಅಂದು ಅಕ್ಕ ಡಾಕ್ಟರರ ಹತ್ತಿರ ಹೋಗಿ ಬಂದಿದ್ದಳು. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಯೋಚಿಸಿಕೊಂಡು ಬಂದು, ಚಪ್ಪಲಿ ಬಿಟ್ಟವಳೇ ಆ ಕೋಣೆಯ ಬಾಗಿಲಲ್ಲಿ ನಿಂತಳು. ಭಾವ ತಲೆಯನ್ನು ಪೆಟ್ಟಿಗೆಯೊಳಗೆ ತೂರಿಸಿದ್ದರು.

“ಹೋಯ್, ಕೇಳ್ತಾ? ನಾವಿಬ್ರು ಇನ್ನು ಮೂರಾಳು ಆಗ್ತ್ರು.”

“ಹ್ಞೂಂ,” ಎಂದರು ಭಾವ. “ಅದು ಸರಿ ಕೂತಿಲ್ಲ. ತೆಗ್ದು ಇನ್ನೊಂದ್ಸಲ ಹಾಕ್ಬೇಕು.”

ಅಕ್ಕ ಒಳಗೆ ಹೋಗಿ ಅಕ್ಕಿ ತೊಳೆದಳು. ಕುಕ್ಕರಿನ ಮೂರನೆಯ ಸೀಟಿಗೆ ಭಾವ ಓಡಿ ಬಂದರು. “ಏ! ಈಗ ಎಂತ ಹೇಳ್ದೆ ನೀನು? ಎಂತ ಹೇಳ್ದೆ?” ಹಣೆಯ ತುಂಬ ಮಸಿ, ಕಣ್ಣ ತುಂಬ ನೀರು. ಆಯಿಯನ್ನು ಎತ್ತಿ ತಿರುಗಿಸಿದರು, ಪಕ್ಕದ ಮನೆಗೆ ಹೇಳಿ ಬಂದರು, ಬೆಕ್ಕುಗಳಿಗೂ ಹೇಳಿದರು. ಆದರೆ ಹೇಳಿದವಳಿಗೆ ಮೊದಲು ಸಿಕ್ಕಿದ್ದು ಆ ‘ಹ್ಞೂಂ’. ಅದು ಹೊಟ್ಟೆಯಲ್ಲಿ ಉಳಿದುಬಿಟ್ಟಿತು.

ಬಾಣಂತನಕ್ಕೆ ಕರೆಯಲು ನಾನೂ ಅಮ್ಮನೂ ಹೋದ ದಿನ ಅಕ್ಕ ಎಲ್ಲರೆದುರಿಗೆ ಹೇಳಿದಳು: “ನಾ ವಾಪಸ್ ಬರೂದ್ರೊಳಗೆ ಆ ಕೋಣೆ ಖಾಲಿ ಆಗ್ಬೇಕು. ಅದು ಮಗೂಗೆ. ಆಗ್ದಿದ್ರೆ ನಾ ಕುಮಟೆಯಲ್ಲೇ ಇರ್ತೆ. ಕೂಗಿ ಕೂಗಿ ಸಾಕಾಗಿ ಬಾಯಿ ಮುಚ್ಚಿಕೊಂಡದ್ದು ನಾನೊಬ್ಳೇ ಸಾಕು. ನನ್ನ ಮಗು ಆ ಪೆಟ್ಟಿಗೆ ಎದುರಿಗೆ ನಿಂತು ಅಪ್ಪಾ ಅಪ್ಪಾ ಅಂತ ಕೂಗೂದು ಬ್ಯಾಡ.”

ನಗೆಯಾಡಲು ಬಾಯಿ ತೆರೆದಿದ್ದ ಭಾವ ಮುಚ್ಚಿಕೊಂಡರು. “ಆತು,” ಎಂದರು. “ಖಾಲಿ ಮಾಡ್ತೆ.”

ಮಾಡಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಎಸೆಯಲು ಕೈ ಬರಲಿಲ್ಲ. ಅದಕ್ಕೆ ದಾನ ಶುರುಮಾಡಿದರು. ಎಮರ್ಜೆನ್ಸಿ ಲೈಟು ಬಸ್‌ಸ್ಟ್ಯಾಂಡಿನ ಚಾದಂಗಡಿಗೆ, ಟೇಪ್‌ರೆಕಾರ್ಡರು ಕ್ಷೌರದಂಗಡಿಗೆ, ಹಳೆಯ ಕೀಬೋರ್ಡು ಪಕ್ಕದ ಮನೆಯ ಮಕ್ಕಳಿಗೆ, ಕಾರ್ಡ್‌ಲೆಸ್ ಫೋನು ಕಾಗಾಲದ ದೊಡ್ಡಮ್ಮನಿಗೆ. ದೊಡ್ಡಮ್ಮನ ಮನೆಗೆ ಇನ್ನೂ ಫೋನಿನ ತಂತಿಯೇ ಬಂದಿರಲಿಲ್ಲ, “ತಂತಿ ಇಲ್ಲದ ಫೋನಲ್ದಾ?” ಎಂದು ಆಕೆ ಸಂತೋಷದಿಂದಲೇ ತೆಗೆದುಕೊಂಡಳು. ಕೊಟ್ಟದ್ದು ಕೊಟ್ಟ ಮೇಲೆ ಮರೆಯಬೇಕಲ್ಲವೇ? ಭಾವ ಹೆಣ್ಣು ಕೊಟ್ಟ ಅಪ್ಪನ ಹಾಗೆ ದಿನಾ ನೋಡಲು ಹೋಗತೊಡಗಿದರು. ಹೋದವರು ಬರಿಗಣ್ಣಿನಿಂದ ನೋಡಿ ಬರುತ್ತಾರೆಯೇ?

ಮೊದಲು ತಾಳ್ಮೆಗೆಟ್ಟವನು ಚಾದಂಗಡಿಯವನು. ಲೈಟನ್ನು ತಂದು ಜಗಲಿಯಲ್ಲಿಟ್ಟ. “ಕಂಡಕ್ಟರೇ, ಕೊಟ್ಟದ್ದು ಸಂತೋಷ. ಆದ್ರೆ ದಿನಾ ಕರೆಂಟು ಹೋದ ಹೊತ್ತಿಗೇ ನೀವು ಅದರ ಹೊಟ್ಟೆ ಸೀಳಿದ್ರೆ ನಾ ಚಾ ಯಾವ ಬೆಳಕಲ್ಲಿ ಸೋಸೂದು?” ಕ್ಷೌರದಂಗಡಿಯವನು ಟೇಪ್‌ರೆಕಾರ್ಡರ್ ಜೊತೆಗೆ ತನ್ನದೊಂದು ಕೆಟ್ಟ ರೇಡಿಯೋವನ್ನೂ ಬಿಟ್ಟುಹೋದ, ಹೇಗೂ ರಿಪೇರಿ ಮಾಡುತ್ತೀರಲ್ಲ ಎಂದು. ಅದನ್ನು ನೋಡಿ ಇನ್ನಿಬ್ಬರು ತಮ್ಮ ಕೆಟ್ಟ ಸಾಮಾನು ತಂದರು. ಕೀಬೋರ್ಡೂ ಕಾರ್ಡ್‌ಲೆಸ್ ಫೋನೂ ವಾಪಸ್ ಬಂದವು. ಲೆಕ್ಕ ನನ್ನ ಹತ್ತಿರ ಇದೆ: ಹೊರಗೆ ಹೋದದ್ದು ನಾಲ್ಕು, ಒಳಗೆ ಬಂದದ್ದು ಏಳು.

ಕುಮಟೆಯಲ್ಲಿ ಅಕ್ಕ ದಿನಾ ಸಂಜೆ ಫೋನಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. ಮಳೆ ಶುರುವಾಗಿತ್ತು. ಫೋನು ಬಂದರೆ ಮೊದಲ ಪ್ರಶ್ನೆ ಅದೇ.

“ಕೋಣೆ ಎಷ್ಟಾತು?”

“ಅರ್ಧ ಆತು.”

“ಯಾವ ಅರ್ಧ?”

“ಮೇಲಿಂದು.”

ಅಂದರೆ ಅಟ್ಟಿ ಹಾಕಿದ್ದನ್ನೆಲ್ಲ ಕೆಳಗೆ ಹರಡಿದ್ದರು. ನಮಗೆ ನಗು. ಅಕ್ಕ ಮಾತ್ರ ಫೋನಿಟ್ಟು ಮಳೆ ನೋಡುತ್ತಿದ್ದಳು. ಒಂದು ಸಂಜೆ ನನ್ನನ್ನು ಕರೆದು, “ಈ ಮನೆಯಲ್ಲೇ ತೊಟ್ಟಿಲು ಕಟ್ಟೂಕೆ ಯಾವ ತೊಲೆ ಗಟ್ಟಿ ಅದೆ ನೋಡಿಡು” ಎಂದಳು. ಗುದ್ದಾಡಿ ಹೇಳಿದ್ದರೆ ನಾನು ಹೆದರುತ್ತಿರಲಿಲ್ಲ. ಮೆತ್ತಗೆ ಹೇಳಿದಳು. ನಾನು ತೊಲೆ ನೋಡಲು ಹೋಗಲಿಲ್ಲ.

ದಿನ ತುಂಬುವುದಕ್ಕೆ ಇನ್ನೂ ಬಹಳ ಇರುವಾಗಲೇ, ಒಂದು ಬೆಳಿಗ್ಗೆ, ಅಕ್ಕನಿಗೆ ನೋವು ಬಂತು. ಕುಮಟೆಯಲ್ಲೇ ಆಸ್ಪತ್ರೆ. ಹೆಣ್ಣುಮಗು, ನನ್ನ ಒಂದು ಬೊಗಸೆಯಲ್ಲಿ ಹಿಡಿಯುವಷ್ಟು. ಡಾಕ್ಟರರು ನಗದೆ ಮಾತಾಡಿದರು. ಮಗುವನ್ನು ಬೇರೆ ಕೋಣೆಯಲ್ಲಿ ಬಿಸಿಯಾಗಿರುವ ಒಂದು ಗಾಜಿನ ಪೆಟ್ಟಿಗೆಯಲ್ಲಿಟ್ಟರು.

ಭಾವ ಖಾಕಿ ಅಂಗಿಯಲ್ಲೇ ಬಂದರು. ಟಿಕೆಟ್ ಚೀಲವನ್ನು ಬೇರೆಯವರ ಕೈಗೆ ಕೊಟ್ಟು ಅರ್ಧ ದಾರಿಯಲ್ಲಿ ಬಸ್ಸಿಳಿದಿದ್ದರಂತೆ. ಅಕ್ಕನ ಹತ್ತಿರ ಬಂದು ಅವಳ ತಲೆ ಮುಟ್ಟಿದರು, ಮಗುವಿನ ಕಡೆ ಹೋದರು. ಹೋದವರು ಮಧ್ಯಾಹ್ನವಾದರೂ ತಿರುಗಿ ಬರಲಿಲ್ಲ.

ಅಕ್ಕ ಥಟ್ಟನೆ ಕಣ್ಣು ಬಿಟ್ಟಳು. “ತಮ್ಮಾ, ಓಡು! ನಿನ್ನ ಭಾವ ಆ ಮಶೀನಿನ ಹತ್ರ ಒಬ್ರೇ ಇದ್ದಾರೆ!”

ನಾನು ಓಡಿದೆ. ನಗಬೇಡಿ, ನೀವಾಗಿದ್ದರೂ ಓಡುತ್ತಿದ್ದಿರಿ.

ಬಾಗಿಲಲ್ಲೇ ನಿಂತೆ. ಸಿಸ್ಟರು ಆ ಮೂಲೆಯಲ್ಲಿ ಏನೋ ಬರೆಯುತ್ತಿದ್ದರು. ಎಂಥ ಮಶೀನು ಅದು! ಕೆಂಪು ಅಂಕಿಗಳು ಏರುತ್ತಿದ್ದವು, ಇಳಿಯುತ್ತಿದ್ದವು. ಪಕ್ಕದಲ್ಲಿ ತಿರುಗಿಸುವ ಗುಂಡಿಗಳು. ಆಗಾಗ ‘ಟಿಂವ್’ ಎಂಬ ಸದ್ದು. ಕೆಳಗಿನ ತಗಡಿಗೆ ನಾಲ್ಕು ಸ್ಕ್ರೂ, ಅದರಲ್ಲಿ ಒಂದು ಸಡಿಲವಾಗಿ ಹೊರಗೆ ಬಂದಿತ್ತು. ಅದು ನನಗೇ ಕಾಣುತ್ತಿತ್ತು! ಭಾವ ಅದರ ಮುಂದೆ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಅವರು ಅಲುಗಾಡದೆ ನಿಂತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಹೆದರಿಕೆಯಾಯಿತು. ಏನಾದರೂ ಮಾತಾಡಿಸಬೇಕೆಂದು, ಅವರಿಗೆ ಇಷ್ಟವಾದದ್ದನ್ನೇ ಕೇಳಿದೆ.

“ಭಾವ, ಯಾವ ಕಂಪನಿಯ ಮಶೀನು ಇದು?”

ಅವರು ತಿರುಗಲಿಲ್ಲ.

“ಯಾವ ಮಶೀನು?”

ಆಮೇಲೆ ಪಿಸುಮಾತಿನಲ್ಲಿ ಹೇಳಿದರು: “ಬೆರಳು ನೋಡೋ ತಮ್ಮಾ. ಇಷ್ಟು ಸಣ್ಣ ಬೆರಳಿಗೂ ಉಗುರು ಅದೆ.”

ನಾನು ಅಕ್ಕನ ಹತ್ತಿರ ಬಂದೆ.

“ಎಂತ ಬಿಚ್ಚಿದ್ರು?” ಎಂದಳು.

“ಎಂತದೂ ಇಲ್ಲ. ಮಶೀನು ಯಾವುದು ಅಂತ ಕೇಳ್ದೆ. ಯಾವ ಮಶೀನು ಅಂದ್ರು.”

ಅಕ್ಕ ಗೋಡೆಯ ಕಡೆ ಹೊರಳಿದಳು. ನಕ್ಕಳೋ ಅತ್ತಳೋ ನನಗೆ ಬೆನ್ನು ಮಾತ್ರ ಕಾಣುತ್ತಿತ್ತು. ಆಮೇಲೆ ಆ ಕಡೆ ಮುಖ ಮಾಡಿಕೊಂಡೇ ಹೇಳಿದಳು: “ಕೋಣೆ ಹಾಂಗೇ ಇರ್ಲಿ ಅಂತ ಹೇಳು. ತೊಟ್ಟಿಲು ಜಗಲಿಯಲ್ಲಿ ಕಟ್ಟುವ. ಡಾಕ್ಟ್ರು ಹೂಂ ಅಂದ ದಿನ ನಾವಿಬ್ರೂ ಹೊನ್ನಾವರಕ್ಕೆ ಬರ್ತ್ರು.”

ನಾನು ಹೋಗಿ ಹೇಳಿದೆ. ಗಾಜಿನೊಳಗೆ ಮಗು ಆಕಳಿಸುತ್ತಿತ್ತು. ಇನ್ನೊಂದು ಸಲ ಹೇಳಿದೆ. ಭಾವನಿಗೆ ಕೇಳಿಸಲೇ ಇಲ್ಲ.